ಆಂಟಿಆಕ್ಸಿಡೆಂಟ್ ಲೆಕ್ಕದ ಗಂಟು ಕೊನೆಗೂ ಸಡಿಲಗೊಂಡಿದೆ

ಅಮೆರಿಕದ ಕಪ್ಪು ಮತ್ತು ಬಿಳಿ ಜನರ ಆಹಾರದಲ್ಲಿನ, ಜೀವಕೋಶಗಳನ್ನು ಹಾನಿಯಿಂದ ಕಾಪಾಡುತ್ತವೆ ಎನ್ನಲಾಗುವ ವಿಟಮಿನ್ ಸಿ, ಇಯಂಥ ಆಂಟಿಆಕ್ಸಿಡೆಂಟ್‌ಗಳಿಗೂ ದೊಡ್ಡ ಕರುಳಿನ ಕ್ಯಾನ್ಸರ್‌ಗೂ ಇರುವ ನಂಟನ್ನು ಅಳೆಯಲು ಹೊರಟ ನನ್ನ ಬಿಡುವಿನ ವೇಳೆಯ ಕೆಲಸ ಬಹಳ ಕಾಲದಿಂದ ಒಂದೇ ಜಾಗದಲ್ಲಿ ನಿಂತಿತ್ತು. ಅಳತೆಯ ದೋಷವನ್ನು ಸರಿಪಡಿಸಿದಷ್ಟೂ ಎರಡು ಗುಂಪುಗಳ ನಡುವಿನ ಅಂತರ ಕುಗ್ಗುವ ಬದಲು ಹಿಗ್ಗುತ್ತಿತ್ತು. ಅದರ ಕಾರಣ ಈಗ ಸಿಕ್ಕಿದೆ. ಕಡತಗಳನ್ನು ಇಳಿಸಿಕೊಳ್ಳುವುದು, ಜೋಡಿಸುವುದು, ಸಮೀಕ್ಷೆಯ ತೂಕಗಳನ್ನು ಹಚ್ಚುವುದು ಓದುಗರಿಗೆ ತಿಳಿದಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟು ನೇರವಾಗಿ ಗಂಟಿಗೆ ಬರುತ್ತೇನೆ.

ಈ ಕೆಲಸಕ್ಕೆ ಪ್ರೇರಣೆ ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ 33 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) 1990ರ ದಶಕದ ಕೊನೆಯಲ್ಲಿ ನಡೆದ ಕರುಳಿನ ಕ್ಯಾನ್ಸರ್ ಅಧ್ಯಯನ. ಅದರ ಪೋಷಕಾಂಶಗಳ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಬಿಳಿಯರಲ್ಲಿ ಬೀಟಾ ಕ್ಯಾರೊಟಿನ್ (ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಸಸ್ಯವರ್ಣ) ಮತ್ತು ವಿಟಮಿನ್ ಸಿ ಹೆಚ್ಚು ಸೇವಿಸಿದವರಲ್ಲಿ ರೋಗದ ಸಂಭವ ಕಡಿಮೆ ಕಂಡುಬಂದರೆ, ಆಫ್ರಿಕನ್ ಅಮೆರಿಕನ್ನರಲ್ಲಿ ವಿಟಮಿನ್ ಸಿ ಮತ್ತು ಇ ಎದ್ದು ಕಂಡವು. ಇಂಥ ಫಲಿತಾಂಶವನ್ನು ಓದಿದ ಕೂಡಲೇ ‘ಒಂದೇ ವಿಟಮಿನ್ ಎರಡು ಜನಾಂಗಗಳ ದೇಹದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ’ ಎಂದು ಹೇಳಿಬಿಡುವುದು ಬಹಳ ಸುಲಭ. ಹಾಗೆ ಹೇಳುವ ಮೊದಲು, ಎರಡೂ ಗುಂಪುಗಳಲ್ಲಿ ನಮ್ಮ ಅಳತೆಗೋಲು ಒಂದೇ ಪ್ರಮಾಣದಲ್ಲಿ ತಪ್ಪುತ್ತಿದೆಯೇ ಎಂದು ನೋಡಬೇಕೆಂಬುದು ನನ್ನ ಹಟ.

ಅಳತೆಗೋಲನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆಯಾದ ಎನ್‌ಹೇನ್ಸ್‌ನ ಸಾರ್ವಜನಿಕ ದತ್ತಾಂಶ. ಕ್ಯಾನ್ಸರ್‌ನ ಸಂಭವವನ್ನು ಅದರಿಂದಲೇ ಅಳೆಯಲು ಬರುವುದಿಲ್ಲ. ‘ನಿಮಗೆ ಕ್ಯಾನ್ಸರ್ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದರೇ’ ಎಂಬ ಪ್ರಶ್ನೆ ಅದರಲ್ಲಿದೆ, ನಿಜ. ಆದರೆ ಹತ್ತು ವರ್ಷದ ಹಿಂದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊಟದ ಕ್ರಮವನ್ನೇ ಬದಲಿಸಿಕೊಂಡವರ ನಿನ್ನೆಯ ಊಟವನ್ನು ಹಿಡಿದು ಅಂದಿನ ರೋಗದ ಕಾರಣ ಹುಡುಕುವುದು ಸರಿಯಲ್ಲ. ಮರಣದ ದಾಖಲೆಗಳೊಂದಿಗೆ ಜೋಡಿಸಿದ ಸಾರ್ವಜನಿಕ ಕಡತವಾದರೋ ಎಲ್ಲ ಕ್ಯಾನ್ಸರ್‌ಗಳನ್ನೂ ಒಂದೇ ಸಂಕೇತದಡಿ ಸೇರಿಸಿಬಿಡುತ್ತದೆ. ಗೋಪ್ಯತೆಯ ದೃಷ್ಟಿಯಿಂದ ಇದು ಅರ್ಥವಾಗುವ ಕ್ರಮವೇ ಆದರೂ ಹವ್ಯಾಸಿಗಳಿಗೆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಆದ್ದರಿಂದ ಎನ್‌ಹೇನ್ಸನ್ನು ಸೇವನೆಯ ಅಳತೆಗೆ ಮಾತ್ರ ಇಟ್ಟುಕೊಂಡೆ.

ಈ ಸಮೀಕ್ಷೆ ಒಬ್ಬ ವ್ಯಕ್ತಿಯ 24 ಗಂಟೆಗಳ ಆಹಾರವನ್ನು ಎರಡು ಬಾರಿ ಕೇಳುತ್ತದೆ. ಬಹುಪಾಲು ಸುತ್ತುಗಳಲ್ಲಿ ಮೊದಲನೆಯದು ಸಂಚಾರಿ ಪರೀಕ್ಷಾ ಕೇಂದ್ರದಲ್ಲಿ ಎದುರು ಕುಳಿತು, ಎರಡನೆಯದು 3ರಿಂದ 10 ದಿನಗಳ ನಂತರ ದೂರವಾಣಿಯಲ್ಲಿ. ಶಕ್ತಿಯ ಲೆಕ್ಕ, ಅಂದರೆ ಕ್ಯಾಲೊರಿ, ದಿನದಿಂದ ದಿನಕ್ಕೆ ಅಷ್ಟಾಗಿ ಏರಿಳಿಯುವುದಿಲ್ಲ. ಬೀಟಾ ಕ್ಯಾರೊಟಿನ್ ಹಾಗಲ್ಲ. ಸಿಹಿಗೆಣಸು ತಿಂದ ದಿನ ಅದರ ಅಂಕಿ ಆಕಾಶಕ್ಕೇರುತ್ತದೆ, ಮರುದಿನ ನೆಲ ಕಚ್ಚುತ್ತದೆ. ವ್ಯಕ್ತಿ ಒಬ್ಬನೇ, ಅಭ್ಯಾಸವೂ ಅದೇ. ಒಬ್ಬನೊಳಗಿನ ಈ ಏರಿಳಿತ ಹೆಚ್ಚಿದಷ್ಟೂ ನಿಜವಾದ ಸಂಬಂಧ ಮಸುಕಾಗಿ, ಅಪಾಯದ ಅನುಪಾತ, ಅಂದರೆ ಹೆಚ್ಚು ಸೇವಿಸುವವರ ಅಪಾಯವನ್ನು ಕಡಿಮೆ ಸೇವಿಸುವವರ ಅಪಾಯದಿಂದ ಭಾಗಿಸಿದ ಅಂಕಿ, ‘ವ್ಯತ್ಯಾಸವಿಲ್ಲ’ ಎನ್ನುವ 1ರ ಕಡೆಗೆ ಜಾರುತ್ತದೆ. ಇದನ್ನು ಸರಿಪಡಿಸಲು ಬಳಸುವ ಗುಣಾಂಕ ಲ್ಯಾಂಬ್ಡಾ: ವ್ಯಕ್ತಿಗಳ ನಡುವಿನ ವ್ಯತ್ಯಾಸವನ್ನು (ವೇರಿಯನ್ಸ್) ಅಳತೆಯಾದ ಸರಾಸರಿಗಳಲ್ಲಿನ ಒಟ್ಟು ವ್ಯತ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. ಕಂಡ ಅನುಪಾತದ ಲಾಗರಿದಮ್ಮನ್ನು ಲ್ಯಾಂಬ್ಡಾದಿಂದ ಭಾಗಿಸುವುದೇ ತಿದ್ದುಪಡಿ.

ಇಲ್ಲಿಯೇ ಗಂಟು ಬಿದ್ದಿತ್ತು. ಅದನ್ನು ಬಿಡಿಸಲು ಎರಡು ಕಾಲ್ಪನಿಕ ಗುಂಪುಗಳನ್ನು ಸೃಷ್ಟಿಸಿ, ಎರಡಕ್ಕೂ ನಿಜವಾದ ಅನುಪಾತ 0.5 ಎಂದೇ ಇಟ್ಟೆ. ಅಂದರೆ ಪೋಷಕಾಂಶ ಇಬ್ಬರನ್ನೂ ಸರಿಸಮನಾಗಿ ಕಾಪಾಡುತ್ತದೆ. ರೋಗ ಅಪರೂಪದ್ದು, ಎರಡೂ ಗುಂಪುಗಳ ಗಾತ್ರ ಒಂದೇ, ವ್ಯಕ್ತಿಗಳ ನಡುವಿನ ವ್ಯತ್ಯಾಸವೂ ಒಂದೇ. ಮೊದಲ ಗುಂಪಿನಲ್ಲಿ ಮಾತ್ರ ಒಬ್ಬನೊಳಗಿನ ದಿನದಿನದ ಏರಿಳಿತವನ್ನು ವ್ಯಕ್ತಿಗಳ ನಡುವಿನ ವ್ಯತ್ಯಾಸದ ನಾಲ್ಕು ಪಟ್ಟು ಮಾಡಿ, ಎರಡನೆಯದರಲ್ಲಿ ಸಮನಾಗಿ ಬಿಟ್ಟೆ. ಎರಡು ದಿನಗಳ ಸರಾಸರಿ ಹಿಡಿದು ಲೆಕ್ಕ ಹಾಕಿದಾಗ ಮೊದಲ ಗುಂಪಿನಲ್ಲಿ ಅನುಪಾತ 0.79ರ ಆಸುಪಾಸು, ಎರಡನೆಯದರಲ್ಲಿ 0.63ರ ಆಸುಪಾಸು ಬಂತು. ರೋಗಿಗಳ ಸಂಖ್ಯೆ ಸಣ್ಣದಾದರೆ ಮೊದಲನೆಯದು ‘ಗಣನೀಯವಲ್ಲ’ (ಆಕಸ್ಮಿಕವೂ ಆಗಿರಬಹುದು) ಎಂಬ ಪಟ್ಟಿಗೆ, ಎರಡನೆಯದು ಪ್ರಬಂಧದ ಸಾರಾಂಶದ ಮೊದಲ ಸಾಲಿಗೆ ಹೋಗುತ್ತದೆ. ಯಾವ ಜೈವಿಕ ವ್ಯತ್ಯಾಸವೂ ಇಲ್ಲದ ಕಡೆ ‘ಜನಾಂಗೀಯ ವ್ಯತ್ಯಾಸ’ ಹುಟ್ಟುವುದು ಹೀಗೆ.

ಇನ್ನು ಸರಿಪಡಿಸುವ ಹಂತ. ಮಾದರಿ ದೊಡ್ಡದಾಗಿರಲೆಂದು ಇಬ್ಬರನ್ನೂ ಸೇರಿಸಿ ಒಂದೇ ಲ್ಯಾಂಬ್ಡಾ ಕಟ್ಟುವುದು ಸಹಜವಾದ ರೂಢಿ. ಆ ಒಂದೇ ಗುಣಾಂಕವನ್ನು ಇಬ್ಬರಿಗೂ ಹಚ್ಚಿದಾಗ ಬಂದದ್ದು 0.59 ಮತ್ತು 0.35. ನಿಜವಾದ ಉತ್ತರ ಎರಡೂ ಕಡೆ 0.5 ಆಗಿದ್ದರೂ ಒಂದು ಅದರ ಮೇಲೆ ನಿಂತಿತು, ಇನ್ನೊಂದು ಕೆಳಗಿಳಿಯಿತು, ನಡುವಿನ ಅಂತರ ಮೊದಲಿಗಿಂತ ದೊಡ್ಡದಾಯಿತು. ಗುಂಪಿಗೊಂದು ಲ್ಯಾಂಬ್ಡಾ ಕಟ್ಟಿ, ಮೊದಲನೆಯದಕ್ಕೆ ಮೂರನೇ ಒಂದು ಭಾಗ, ಎರಡನೆಯದಕ್ಕೆ ಮೂರನೇ ಎರಡು ಭಾಗ ಎಂದು ಬಳಸಿದ ಮೇಲೆ ಎರಡೂ 0.5ಕ್ಕೆ ಮರಳಿದವು. ಆ ಎರಡು ಸಾಲುಗಳು ಪರದೆಯ ಮೇಲೆ ಒಂದರ ಮೇಲೊಂದು ಕುಳಿತಾಗ ಆದ ಸಂತೋಷ ಅಷ್ಟಿಷ್ಟಲ್ಲ.

ವಿಟಮಿನ್ ಇ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಯಸ್ಕರಿಗೆ ಅಮೆರಿಕದ ಶಿಫಾರಸು ದಿನಕ್ಕೆ 15 ಮಿಲಿಗ್ರಾಂ. ಹಳೆಯ ಲೇಬಲ್ಲಿನ 400 ಅಂತರರಾಷ್ಟ್ರೀಯ ಯೂನಿಟ್ಟಿನ ಒಂದು ಕ್ಯಾಪ್ಸೂಲ್ ನೈಸರ್ಗಿಕ ರೂಪದ್ದಾದರೆ ಸುಮಾರು 268 ಮಿಲಿಗ್ರಾಂ, ಕೃತಕ ರೂಪದ್ದಾದರೆ ಸುಮಾರು 180. ಊಟದಿಂದ ಬರುವ ಅಷ್ಟೂ ವ್ಯತ್ಯಾಸವನ್ನು ಆ ಒಂದು ಗುಳಿಗೆ ನುಂಗಿಹಾಕುತ್ತದೆ. ಅಮೆರಿಕದಲ್ಲಿ ಇಂಥ ಗುಳಿಗೆ ನುಂಗುವ ರೂಢಿ ಕಪ್ಪು ಜನರಿಗಿಂತ ಬಿಳಿಯರಲ್ಲಿ ಹೆಚ್ಚು. ಹಾಗಾಗಿ ಆಹಾರದ ಇ ಮತ್ತು ಗುಳಿಗೆಯ ಇ ಎರಡನ್ನೂ ಕೂಡಿಸಿದ ‘ಒಟ್ಟು ಸೇವನೆ’ ಎರಡು ಗುಂಪುಗಳಲ್ಲಿ ಎರಡು ಬೇರೆ ವಸ್ತುಗಳನ್ನು ಅಳೆಯುತ್ತದೆ. ಅವನ್ನು ಬೇರೆ ಬೇರೆ ಕಲಂಗಳಲ್ಲಿಡುವುದೇ ಸರಿ.

ಗುಳಿಗೆ ಮಾರುವವರ ಬಗ್ಗೆ ನನ್ನ ಅಸಮಾಧಾನವನ್ನು ಇಲ್ಲಿ ಹೇಳಲೇಬೇಕು. ಆಹಾರಗಳ ‘ಆಂಟಿಆಕ್ಸಿಡೆಂಟ್ ಶಕ್ತಿ’ಯನ್ನು ಪ್ರನಾಳದಲ್ಲಿ ಅಳೆದು ಪಟ್ಟಿ ಮಾಡಿದ್ದ ಓರ್ಯಾಕ್ ಕೋಷ್ಟಕವನ್ನು, ಆ ಅಂಕಿಗಳಿಗೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ತೋರಿಸಲಾಗದೆಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ಹಿಂತೆಗೆದುಕೊಂಡಿತು. ನಾನು ಕೊಂಡ ಪುಡಿಯೊಂದರ ಡಬ್ಬಿಯ ಮೇಲೆ ಅದೇ ಅಂಕಿ ಈಗಲೂ ದಪ್ಪಕ್ಷರದಲ್ಲಿದೆ. ಫಿನ್‌ಲೆಂಡಿನ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತು. ಅದೇ ವರ್ಷ, ಕರುಳಿನ ಗಡ್ಡೆ (ಮುಂದೆ ಕ್ಯಾನ್ಸರ್ ಆಗಬಲ್ಲ ಅಡಿನೋಮ) ತೆಗೆಸಿಕೊಂಡಿದ್ದ 864 ಜನರ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್, ಸಿ ಮತ್ತು ಇ ಗುಳಿಗೆಗಳು ಹೊಸ ಗಡ್ಡೆಗಳನ್ನು ತಡೆಯಲಿಲ್ಲ. ಇದನ್ನು ಬಲ್ಲ ಮಾರಾಟಗಾರರೂ ಅದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ.

ಮುಂದಿನ ಯೋಜನೆಯೂ ಇದೇ ಲೆಕ್ಕದಿಂದ ಮೊಳೆತಿದೆ. ನಮ್ಮ ಮನೆಗಳಲ್ಲಿ ಸೊಪ್ಪಿನ ಸಾರು ಸಂತೆಯ ಮರುದಿನ ಮಾಡುತ್ತಾರೆ. ನುಗ್ಗೆಸೊಪ್ಪು ಸಿಕ್ಕ ವಾರ ಕ್ಯಾರೊಟಿನ್ ಒಂದು ತೆರ, ಸಿಗದ ವಾರ ಇನ್ನೊಂದು ತೆರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ 528 ಆಹಾರಗಳಿವೆ. ಅದನ್ನು ಹಿಡಿದು, ಒಪ್ಪುವ ಕೆಲವು ಮನೆಗಳ ಊಟವನ್ನು ವಾರದ ಬೇರೆ ಬೇರೆ ದಿನ ಬರೆದುಕೊಂಡು, ಸಂತೆಯ ದಿನವೊಂದರಿಂದಲೇ ಲ್ಯಾಂಬ್ಡಾ ಎಷ್ಟು ಕುಸಿಯುತ್ತದೆ ಎಂದು ನೋಡುವ ಆಸೆಯಿದೆ. ಎನ್‌ಹೇನ್ಸ್ 2011ರಿಂದ ಏಷ್ಯನ್ನರನ್ನು ಪ್ರತ್ಯೇಕವಾಗಿ ಗುರುತಿಸುತ್ತಿದ್ದರೂ ಅಲ್ಲಿನ ಕನ್ನಡಿಗರು ಚೀನೀ, ಫಿಲಿಪಿನೋ ಮೂಲದವರೊಂದಿಗೆ ಒಂದೇ ಸಂಕೇತದಲ್ಲಿ ಸೇರಿಹೋಗುತ್ತಾರೆ.

ಮೂಲ ಕೆಲಸಕ್ಕೆ ಮರಳಿದರೆ, ನನ್ನ ತಿದ್ದುಪಡಿಯನ್ನು ಉತ್ತರ ಕ್ಯಾರೊಲಿನಾದ ಅಂಕಿಗಳಿಗೆ ನೇರವಾಗಿ ಹಚ್ಚಲಾಗದು. ಅಲ್ಲಿ ಬಳಸಿದ್ದು ಹಿಂದಿನ ಒಂದು ವರ್ಷದ ಆಹಾರವನ್ನು ಕೇಳುವ ಪ್ರಶ್ನಾವಳಿ, ಅದರ ದೋಷದ ಸ್ವರೂಪವೇ ಬೇರೆ. ಅಳತೆಯ ಭೇದವನ್ನು ದೇಹದ ಭೇದವೆಂದು ಓದಬಾರದೆನ್ನಲು ಈ ಲೆಕ್ಕ ಸಾಕು. ಕಪ್ಪು-ಬಿಳಿಯರ ನಡುವಿನ ರೋಗದ ಅಂತರಕ್ಕೆ ದೇಹದ ಭೇದವೇ ಕಾರಣವಲ್ಲವೆಂಬ ನನ್ನ ಅನುಮಾನಕ್ಕೆ ಅಮೆರಿಕದ ಡೆಲವೇರ್ ರಾಜ್ಯದ ಅನುಭವವೂ ಬಲ ಕೊಡುತ್ತದೆ. ಅಲ್ಲಿ 2002ರಿಂದ 2009ರವರೆಗೆ ಕೊಲೊನೊಸ್ಕೊಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ) ತಪಾಸಣೆ ಮತ್ತು ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಹೊತ್ತು, ರೋಗಿಗಳಿಗೆ ದಾರಿ ತೋರಿಸಲು ದಾದಿಯರನ್ನು ನೇಮಿಸಿದಾಗ ಕಪ್ಪು ಜನರ ತಪಾಸಣೆ ಶೇ 48ರಿಂದ 74ಕ್ಕೇರಿ ಬಿಳಿಯರಿಗೆ ಸಮನಾಯಿತು, ರೋಗದ ಪ್ರಮಾಣದ ಅಂತರ ಅಳಿಯಿತು, ಮರಣದ ಅಂತರವೂ ಬಹುಮಟ್ಟಿಗೆ ಮುಚ್ಚಿತು.

ಸದ್ಯ ಎನ್‌ಹೇನ್ಸ್‌ನ ನಿಜವಾದ ಅಂಕಿಗಳ ಮೇಲೆ ಗುಂಪಿಗೊಂದು ಲ್ಯಾಂಬ್ಡಾ ಕಟ್ಟುವ ಕೆಲಸ ಓಡುತ್ತಿದೆ. ಭಾನುವಾರದ ಊಟ ಮತ್ತು ವಾರದ ದಿನಗಳ ಊಟವನ್ನು ಬೇರ್ಪಡಿಸಿ, ವಿಟಮಿನ್ ಸಿ ಮೊದಲು, ಗುಳಿಗೆ ಬಿಟ್ಟು ಆಹಾರದ ಇ ಅದರ ನಂತರ.