ನಾನು ಆ ಮಾತ್ರೆ ಮುಟ್ಟೇ ಇಲ್ಲ, ನನಗ್ಯಾಕೆ ಹೀಗೆ?

ವಿರಾಜಪೇಟೆಯ ಲ್ಯಾಬೊಂದರಲ್ಲಿ ಮೂತ್ರದ ಕಲ್ಚರ್, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಮಾಡುವುದು ನನ್ನ ಕೆಲಸ. ರಿಪೋರ್ಟಿನಲ್ಲಿ ಔಷಧಿ ಹೆಸರುಗಳ ಎದುರು ಸಾಲಾಗಿ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ) ಕಂಡವರೆಲ್ಲ ಒಂದೇ ಮಾತು ಕೇಳುತ್ತಾರೆ. ಕಳೆದ ಮಳೆಗಾಲದಲ್ಲಿ ಅಮ್ಮತ್ತಿ ಕಡೆಯ ಅಕ್ಕ ಒಬ್ಬರು ಕೇಳಿದ್ದೂ ಅದನ್ನೇ: “ನಾನು ಆಂಟಿಬಯೋಟಿಕ್ ನುಂಗಿ ಎಷ್ಟೋ ವರ್ಷ ಆಯ್ತು. ನನ್ನ ಬಾಡಿ ಅದಕ್ಕೆ ಹೇಗೆ ಒಗ್ಗಿಹೋಯ್ತು?”

ಬಾಡಿ ಒಗ್ಗುವುದಿಲ್ಲ ಅಕ್ಕಾ, ಒಗ್ಗುವುದು ಬ್ಯಾಕ್ಟೀರಿಯಾ ಅಂದೆ. ಅವರ ತಟ್ಟೆ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಅಗರ್ ಎಂಬ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, ರಾತ್ರಿಯಿಡೀ ಬೆಚ್ಚಗಿಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಮೂಡುತ್ತದೆ, ಅದನ್ನು ಸ್ಕೇಲಿಟ್ಟು ಅಳೆಯುತ್ತೇವೆ. ಇವರದ್ದರಲ್ಲಿ ಆರು ಬಿಲ್ಲೆ, ಒಂದಕ್ಕೆ ಮಾತ್ರ ಉಂಗುರ. ಉಳಿದ ಐದಕ್ಕೂ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅಂಚಿಗೆ ಅಂಟಿಕೊಂಡೇ ಬೆಳೆದಿತ್ತು.

ಮೂತ್ರದ ಸೋಂಕು ತರುವ ಇ. ಕೊಲೈ ಹೆಚ್ಚಾಗಿ ನಮ್ಮ ಕರುಳಿನದ್ದೇ. ನಮ್ಮೊಳಗೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಅವು ಸುಮ್ನೆ ಕೂರುವುದಿಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯಲ್ಲಿ ಔಷಧಿಯನ್ನು ಸೋಲಿಸುವ ಜೀನ್ ಇಟ್ಟುಕೊಂಡು ಪಕ್ಕದವಕ್ಕೂ ಕೊಡುತ್ತವೆ. ನಾವು ಪಕ್ಕದ ತೋಟದವರಿಗೆ ಒಳ್ಳೆ ಮೆಣಸಿನ ಬಳ್ಳಿಯ ತುಂಡು ಕೊಡುತ್ತೇವಲ್ಲ, ಹಾಗೆ. ಕೊಟ್ಟವರ ಬಳ್ಳಿ ಅಲ್ಲೇ ಇರುತ್ತದೆ. ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡಬಲ್ಲವು, ಅದೇ ತಲೆನೋವು.

ಇಂಥ ಜೀನ್ ಹೊತ್ತ ಬ್ಯಾಕ್ಟೀರಿಯಾ ನೀರಲ್ಲಿ ಬರಬಹುದು, ಹಸಿ ಮಾಂಸ ಕೊಯ್ದ ಚೂರಿಯಲ್ಲಿ ಬರಬಹುದು, ಆಸ್ಪತ್ರೆಯಿಂದಲೂ ಬರಬಹುದು. ಕೊಲಿಸ್ಟಿನ್ ಕೊನೆಯ ಅಸ್ತ್ರದಂಥ ಔಷಧಿ. ಅದನ್ನು ಸೋಲಿಸುವ ಎಂಸಿಆರ್-1 ಜೀನ್ ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಇದೆ ಎಂದು ಗೊತ್ತಾಗಿದ್ದು 2015ರಲ್ಲಿ. ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಮ್ಮಲ್ಲಿ 2019ರಲ್ಲಿ ನಿಷೇಧಿಸಿದರು. (ಪಂದಿಕರಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ಮನೆಯೊಳಗೆ ಸೇರಿಸುವುದಿಲ್ಲ! ಚೆನ್ನಾಗಿ ಬೆಂದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಚೂರಿ, ಮಣೆ ತೊಳೆಯಿರಿ ಅಷ್ಟೇ.)

ಅಮೆಜಾನ್ ಕಾಡಿನಲ್ಲಿ ಹೊರಗಿನವರ ಸಂಪರ್ಕವೇ ಇರದಿದ್ದ ಯಾನೊಮಾಮಿ ಜನರ ಕರುಳಲ್ಲೂ ಇಂಥ ಜೀನ್‌ಗಳು ಸಿಕ್ಕಿವೆ. ಅಂದರೆ ಮಾತ್ರೆ ತಿನ್ನದೆಯೂ ಇರುತ್ತವೆ. ತಿಂದರೆ ಏನಾಗುತ್ತದೆ ಅಂದರೆ, ಇಂಥ ಜೀನ್ ಇಲ್ಲದ ಪಾಪದ ಬ್ಯಾಕ್ಟೀರಿಯಾ ಸತ್ತು, ಜೀನ್ ಇರುವವಕ್ಕೆ ಜಾಗ ಜಾಸ್ತಿ ಸಿಗುತ್ತದೆ. ಶೀತಕ್ಕೆ ಅಂತ ಕೆಂಪು ಗೆರೆಯ ಆಂಟಿಬಯೋಟಿಕ್ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕಿತ್ತು ನುಂಗುವವರ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಆ ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, “ಹೋದ ವರ್ಷ ಅತ್ತೆ ಜೊತೆ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಇದ್ದೆ, ಅಲ್ಲಿಂದ ಇರಬಹುದಾ?” ಅಂದರು. ಇರಬಹುದು, ತಟ್ಟೆ ನೋಡಿ ಅದನ್ನು ಹೇಳಲು ಆಗುವುದಿಲ್ಲ ಅಂದೆ. ಉಂಗುರ ಮೂಡಿದ್ದು ನೈಟ್ರೋಫ್ಯೂರಾಂಟಾಯಿನ್ ಎಂಬ ಔಷಧಿಗೆ. ಡಾಕ್ಟರು ಅದನ್ನೇ ಐದು ದಿನಕ್ಕೆ ಬರೆದುಕೊಟ್ಟರಂತೆ.