ಯಾರ ಕಣ್ಣಿಗೂ ಬೀಳದ ಹುಡುಗಿ

ಶನಿವಾರ ಸಂಜೆ ನಮ್ಮ ಗುಂಪಿನವರು ‘ವಿಸ್ಪರಿಂಗ್ ಕಾರಿಡಾರ್ಸ್’ ತೋರಿಸಿದರು. ಆಮೇಲಿನ ಚರ್ಚೆಯಲ್ಲಿ ಬಂದ ಒಂದು ಮಾತು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

1998ರ ಕೊರಿಯನ್ ಸಿನಿಮಾ, ಪಾರ್ಕ್ ಕಿ-ಹ್ಯುಂಗ್ ನಿರ್ದೇಶಿಸಿದ್ದು. ಹುಡುಗಿಯರ ಹೈಸ್ಕೂಲು, ಅಲ್ಲಿ ಸತ್ತುಹೋದ ಜಿನ್-ಜು ಎಂಬ ವಿದ್ಯಾರ್ಥಿನಿಯ ದೆವ್ವ. ಬಂದವರಲ್ಲಿ ತುಂಬಾ ಜನ ಕಿರುಚೋಕೆ ಅಂತಲೇ ಬಂದಿದ್ದರು. ಕಾರಿಡಾರಿನ ಆ ತುದಿಯಲ್ಲಿ ನಿಂತವಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಮುಂದೆ ಬಂದು ನಿಲ್ಲುವ ದೃಶ್ಯದಲ್ಲಿ ಕಿರುಚಿದರು ಕೂಡ. ನನ್ನ ಪಕ್ಕದವರು ಮಾತ್ರ ಈಗಿನ ಸಿನಿಮಾಗಳಲ್ಲಿ ಇದಕ್ಕಿಂತ ಜಾಸ್ತಿ ಭಯ ಇರುತ್ತೆ ಅಂತ ಪದೇ ಪದೇ ಹೇಳುತ್ತಿದ್ದರು. ಇಂಥವರ ಪಕ್ಕ ಕೂತು ಸಿನಿಮಾ ನೋಡೋದು ಕಷ್ಟ.

ದೀಪ ಹಾಕಿದ ಮೇಲೆ ಮೊದಲು ಕೈ ಎತ್ತಿದ್ದು ಹಿಂದೆ ಕೂತಿದ್ದ ಕಾಲೇಜು ಹುಡುಗಿ. "ನಂಗೆ ದೆವ್ವಕ್ಕೆ ಭಯ ಆಗಲಿಲ್ಲ. ಒಂಬತ್ತು ವರ್ಷ ಬೇರೆ ಬೇರೆ ಹೆಸರಲ್ಲಿ ಅದೇ ಸ್ಕೂಲಿಗೆ ಬಂದಿದ್ದಾಳೆ. ಒಬ್ಬರಿಗೂ ಗೊತ್ತಾಗಿಲ್ಲ. ಅದಕ್ಕೆ ಭಯ ಆಯ್ತು" ಅಂದಳು.

ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ತಿರುಗಿ ಕೂತರು. "ಅಷ್ಟು ಮಕ್ಕಳಲ್ಲಿ ಯಾರ್ಯಾರ ಮುಖ ಅಂತ ನೆನಪಿಟ್ಕೊಳ್ಳೋದಮ್ಮಾ?"

"ಗಲಾಟೆ ಮಾಡೋರದ್ದು, ಫಸ್ಟ್ ಬರೋರದ್ದು ನೆನಪಿರುತ್ತಲ್ವಾ ಸರ್?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರುತ್ತೆ" ಅಂದರು.

ಅಷ್ಟೇ. ಅವರು ವಾದಕ್ಕೆ ಇಳಿಯಬಹುದಿತ್ತು, ಇಳಿಯಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ ಹುಟ್ಟಿತು. ಚರ್ಚೆ ನಡೆಸುತ್ತಿದ್ದವರಿಗೆ ಮಾತ್ರ ಇದು ಬೇಡವಾಗಿತ್ತೇನೋ, ತಕ್ಷಣ ಛಾಯಾಗ್ರಹಣದ ಕಡೆ ಹೊರಳಿಸಿಬಿಟ್ಟರು. ಯಾಕೆ? ಅಷ್ಟು ಜನ ಒಂದೇ ಸಲ ಮೌನವಾಗಿದ್ದರು, ಅಲ್ಲೇ ಒಂದು ನಿಮಿಷ ನಿಂತಿದ್ದರೆ ಏನು ಹೋಗುತ್ತಿತ್ತು?

ಆ "ಇರುತ್ತೆ" ನೆನಪಾದಾಗಲೆಲ್ಲ ಸಿನಿಮಾ ನನಗೆ ಬೇರೆಯಾಗಿ ಕಾಣುತ್ತಿದೆ. ಅದರಲ್ಲಿ ಮಕ್ಕಳು ‘ಮುದಿ ನರಿ’ ಅಂತ ಕರೆಯುವ ಟೀಚರ್ ಇದ್ದಾರಲ್ಲ, ಗುಟ್ಟು ಮೊದಲು ಗೊತ್ತಾಗೋದು ಅವರಿಗೇ. ಅದೂ ಹೇಗೆ? ಹಳೆಯ ವರ್ಷಗಳ ಫೋಟೋ ಆಲ್ಬಮ್ ತೆಗೆದು ನೋಡಿದಾಗ. ದಿನಾ ಕ್ಲಾಸಿನಲ್ಲಿ ಎದುರಿಗೇ ಕೂತಿದ್ದ ಮುಖ ಕಂಡಿರಲಿಲ್ಲ. ಅದೇ ರಾತ್ರಿ ಅವರ ಜೀವ ಹೋಗುತ್ತೆ. ಇನ್ನೊಬ್ಬ ಮೇಷ್ಟ್ರು, ‘ಹುಚ್ಚುನಾಯಿ’, ಹುಡುಗಿಯರನ್ನು ಹೊಡೆಯುತ್ತಾನೆ, ಫಸ್ಟ್ ಬರುವವಳ ಮೈ ಮುಟ್ಟುತ್ತಾನೆ. ಅವನ ಕಣ್ಣಿಗೆ ಬೀಳೋದೂ ಸುಖವಲ್ಲ. ಸೋ-ಯಂಗ್, ಜಂಗ್-ಸೂಕ್ ಮೊದಲು ಗೆಳತಿಯರು, ಮಾರ್ಕ್ಸಿನ ಪೈಪೋಟಿಯಲ್ಲಿ ದೂರವಾದವರು. ಕೊನೆಗೆ ಜಂಗ್-ಸೂಕ್ ಉಳಿಯೋದೇ ಇಲ್ಲ. ದೆವ್ವ ಇಲ್ಲದಿದ್ದರೂ ಆ ಸ್ಕೂಲಿಗೆ ಯಾರೂ ನೆಮ್ಮದಿಯಾಗಿ ಹೋಗೋಕೆ ಆಗುತ್ತಿರಲಿಲ್ಲ.

ಸೆನ್ಸಾರ್ ಬಿಗಿ ಇದ್ದ ಕಾಲದಲ್ಲಿ ಇಂಥ ಕಥೆ ಬರೋದು ಕಷ್ಟವಿತ್ತು. ಬಿಡುಗಡೆಗೆ ಮೊದಲೇ ಸಿನಿಮಾಗೆ ಕತ್ತರಿ ಹಾಕುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ಕೊರಿಯಾದ ಸಾಂವಿಧಾನಿಕ ಕೋರ್ಟ್ ಹೇಳಿದ್ದು 1996ರಲ್ಲಿ. ಎರಡೇ ವರ್ಷಕ್ಕೆ ಈ ಸಿನಿಮಾ. ಸೋಲ್ ನಗರದ ಶಾಲೆಗಳಲ್ಲಿ ಹೊಡೆಯೋದನ್ನು ನಿಷೇಧಿಸಿದ್ದು 2010ರಲ್ಲಿ. ಅಂದರೆ ತೆರೆಯ ಮೇಲೆ ಏಟು ನೋಡಿದ ಹುಡುಗಿಯರಲ್ಲಿ ಎಷ್ಟೋ ಜನ ಸೋಮವಾರ ಅದೇ ಏಟಿಗೆ ಕೈ ಚಾಚಿರುತ್ತಾರೆ. ಅವರಿಗೆ ಇದು ಹಾರರ್ ಅನ್ನಿಸಿತ್ತೋ, ನಮ್ಮದೇ ಸ್ಕೂಲು ಅನ್ನಿಸಿತ್ತೋ!

ನನಗೆ ನಿಜವಾಗಿ ಬೇಜಾರಾಗಿದ್ದು ಇನ್ನೊಂದಕ್ಕೆ. ಜಿನ್-ಜು ಒಂಟಿಯಾಗಿದ್ದು ಸುಮ್ನೆ ಅಲ್ಲ. ಅವಳ ಅಮ್ಮ ಮೈಮೇಲೆ ದೇವರು ಬರುವ ‘ಮುದಂಗ್’. ಹಿಂದೆ ಕೊರಿಯಾ ಆಳಿದ ಜೋಸನ್ ಅರಸರ ಕಾಲದಲ್ಲಿ ಅವರನ್ನು ತೀರಾ ಕೀಳು ವರ್ಗಕ್ಕೆ ಸೇರಿಸಿದ್ದರು. ಅಂಥವಳ ಮಗಳ ಜೊತೆ ಸೇರಬೇಡ ಅಂತ ಟೀಚರ್ ಹೇಳುತ್ತಾರೆ, ಗೆಳತಿ ಅವಳನ್ನು ಬಿಟ್ಟುಬಿಡುತ್ತಾಳೆ. ಅಂದರೆ ಅವಳು ಕಾಣಿಸಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಬದುಕಿದ್ದಾಗ ಕಂಡಿದ್ದಳು, ನೋಡಬಾರದು ಅಂತ ದೊಡ್ಡವರು ತೀರ್ಮಾನ ಮಾಡಿದ್ದರು. ಇದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಕೈ ಎತ್ತುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು. ಮುಂದಿನ ಪ್ರದರ್ಶನಕ್ಕೆ ಆ ಹುಡುಗಿ ಬಂದರೆ ಮೊದಲು ಇದನ್ನೇ ಅವಳ ಹತ್ತಿರ ಮಾತಾಡಬೇಕು. ಮೇಷ್ಟ್ರೂ ಇದ್ದರೆ ಇನ್ನೂ ಒಳ್ಳೇದು.