ಬಿರ್ ಹಕೀಮ್‌ನಿಂದ ಸಾಂ ಮಿಶೆಲ್ ಸೇತುವೆಗೆ

ಬಿರ್ ಹಕೀಮ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದವರೆಲ್ಲ ಐಫೆಲ್ ಗೋಪುರದ ಕಡೆ ಹೊರಟರು. ನಾನು, ಅಕ್ಕನ ಮಗ ಇನ್ನೊಂದು ದಿಕ್ಕಿಗೆ. ಎರಡು ವರ್ಷದಿಂದ ಪ್ಯಾರಿಸ್ಸಿನಲ್ಲೇ ಓದುತ್ತಿದ್ದರೂ ಅವನು ಈ ಕಡೆ ಬಂದಿರಲಿಲ್ಲವಂತೆ.

ಸೀನ್ ನದಿಯ ದಂಡೆಯ ಸಣ್ಣ ತೋಟದಲ್ಲಿ ಒಂದು ಕಂಚಿನ ಸ್ಮಾರಕವಿದೆ. ಬುಡ ಸೈಕಲ್ ಟ್ರ್ಯಾಕಿನಂತೆ ಬಾಗಿದೆ. ಮೇಲೆ ಗರ್ಭಿಣಿ, ಕಾಯಿಲೆಯವನು, ಮಕ್ಕಳು. ರೈಲಿಗೆ ಕಾಯುವವರ ಹಾಗೆ ಕೂತಿದ್ದಾರೆ. ಹತ್ತಿರದಲ್ಲೇ ವೆಲ್ ದಿವ್ ಎಂಬ ಸೈಕಲ್ ಪಂದ್ಯಗಳ ಕ್ರೀಡಾಂಗಣವಿತ್ತು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಸುತ್ತಮುತ್ತ 13,152 ಯಹೂದಿಗಳನ್ನು ಹಿಡಿದಾಗ, ಮಕ್ಕಳಿದ್ದ ಸಂಸಾರಗಳನ್ನು ತಂದು ತುಂಬಿದ್ದು ಅದರೊಳಗೆ. ಬೇಡಿಕೆ ಆಗ ಪ್ಯಾರಿಸ್ಸನ್ನು ಆಕ್ರಮಿಸಿದ್ದ ಜರ್ಮನ್ನರದು, ಬಾಗಿಲು ತಟ್ಟಿದವರು ಫ್ರೆಂಚ್ ಪೊಲೀಸರು. ಇದನ್ನು ಒಬ್ಬ ಅಧ್ಯಕ್ಷರು ಬಾಯಿಬಿಟ್ಟು ಒಪ್ಪಿಕೊಳ್ಳಲು 1995 ಬರಬೇಕಾಯಿತು.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಬೇರೆಯದೇ ಸಂಗತಿ. ಆ ಕಟ್ಟಡವನ್ನು ಕೆಡವಿದ್ದು 1959ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1958ರ ಆಗಸ್ಟಿನಲ್ಲಿ, ಆಗಿನ್ನೂ ಫ್ರಾನ್ಸಿನ ಕೈಕೆಳಗಿದ್ದು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಅಲ್ಜೀರಿಯದವರನ್ನು ಹಿಡಿದು ತಂದು ಅದೇ ಸೂರಿನಡಿ ಕೂಡಿಹಾಕಿದ್ದರು. ಆಗ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಮೋರಿಸ್ ಪಾಪೋನ್. ಯುದ್ಧಕಾಲದಲ್ಲಿ ಬೋರ್ಡೊ ಊರಿನಿಂದ ಯಹೂದಿಗಳನ್ನು ಸಾವಿನ ಶಿಬಿರಗಳತ್ತ ರೈಲು ಹತ್ತಿಸುವ ಕಾಗದಗಳಿಗೆ ಸಹಿ ಹಾಕಿದ್ದ ಅಧಿಕಾರಿಯೂ ಇವನೇ.

“ಅದೇ ಮನುಷ್ಯನಾ ಮಾವ?” ಹುಡುಗ ಮತ್ತೆ ಕೇಳಿದ.

ಅದೇ ಮನುಷ್ಯ. 1942ರಲ್ಲಿ ಪ್ಯಾರಿಸ್ಸಿನ ಯಹೂದಿಗಳು ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಮನೆ ಬಿಡುವಂತಿರಲಿಲ್ಲ. 1961ರ ಅಕ್ಟೋಬರ್ 5ರಂದು ಪಾಪೋನ್ ಅಲ್ಜೀರಿಯದ ಮುಸ್ಲಿಮರಿಗೆ ಹೇರಿದ ಕರ್ಫ್ಯೂ ರಾತ್ರಿ ಎಂಟೂವರೆಯಿಂದ ಬೆಳಗಿನ ಐದೂವರೆವರೆಗೆ. ಕಾಗದದ ಮೇಲೆ ಅದು ಬರೀ ‘ಸಲಹೆ’! ಅವರೂ ಫ್ರಾನ್ಸಿನ ಪ್ರಜೆಗಳೇ ತಾನೆ, ಧರ್ಮ ನೋಡಿ ಆಜ್ಞೆ ಹೊರಡಿಸಿದರೆ ಕಾನೂನು ಅಡ್ಡ ಬರುತ್ತದಲ್ಲ. ಎರಡನ್ನೂ ಸಮ ಎನ್ನಲಾರೆ. ಒಂದರ ಕೊನೆಯಲ್ಲಿ ಆಶ್ವಿಟ್ಜ್ ಎಂಬ ನಾತ್ಸಿ ಸಾವಿನ ಶಿಬಿರ ಇತ್ತು. ಆದರೆ ಹೆಸರು, ಮುಖ ನೋಡಿ ಇವರು ನಮ್ಮವರಲ್ಲ ಎಂದು ಬೇರೆ ಮಾಡುವ ಕೈಚಳಕ ಒಂದೇ. 1898ರಲ್ಲಿ ಅಲ್ಜೀರಿಯದ ಅಲ್ಜಿಯರ್ಸ್‌ನಿಂದಲೇ ಫ್ರಾನ್ಸಿನ ಸಂಸತ್ತಿಗೆ ಗೆದ್ದ ದ್ರ್ಯೂಮೋ ಎಂಬ ಯಹೂದಿ ದ್ವೇಷಿಯ ಪತ್ರಿಕೆಯ ಘೋಷವಾಕ್ಯ ‘ಫ್ರಾನ್ಸ್ ಫ್ರೆಂಚರಿಗೇ’. ಮುಂದೆ ಉಗ್ರ ಬಲಪಂಥದವರು ಅರಬ್ ವಲಸಿಗರ ಮೇಲೆ ಕೂಗಿದ್ದೂ ಅದನ್ನೇ. ಒಂದಕ್ಷರ ಬದಲಿಸುವ ಅಗತ್ಯ ಬೀಳಲಿಲ್ಲ.

ದಾರಿಯಲ್ಲಿ ನೀರು ಕೊಳ್ಳಲು ನಿಂತೆವು. ಅಂಗಡಿಯವನು ಹುಡುಗನನ್ನು ಅರಬ್ಬಿಯಲ್ಲಿ ಮಾತಾಡಿಸಿದ. “ದಿನಾ ಹೀಗೇ ಮಾವ, ನಾನು ಧಾರವಾಡದವನು ಅಂತ ಯಾರಿಗೆ ಗೊತ್ತಾಗಬೇಕು” ಎಂದು ನಕ್ಕ.

ಸಾಂ ಮಿಶೆಲ್ ಸೇತುವೆ ಪೊಲೀಸ್ ಕೇಂದ್ರ ಕಚೇರಿಯ ಮಗ್ಗುಲಲ್ಲೇ ಇದೆ. ಆ ಕರ್ಫ್ಯೂ ವಿರೋಧಿಸಿ ಅಕ್ಟೋಬರ್ 17ರ ರಾತ್ರಿ ಸಾವಿರಾರು ಅಲ್ಜೀರಿಯನ್ನರು ಬರಿಗೈಲಿ ಬೀದಿಗಿಳಿದರು. ಪೊಲೀಸರು ಹೊಡೆದರು, ಗುಂಡು ಹಾರಿಸಿದರು, ಕೆಲವರನ್ನು ನದಿಗೆ ಎಸೆದರು. ಸರ್ಕಾರ ಆಗ ಒಪ್ಪಿದ್ದು ಎರಡು ಮೂರು ಸಾವು. ಇತಿಹಾಸಕಾರರಲ್ಲಿ ಕೆಲವರ ಲೆಕ್ಕ ಇನ್ನೂರು ದಾಟುತ್ತದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು. ವೆಲ್ ದಿವ್ ಇರಲಿಲ್ಲವಲ್ಲ, ಈ ಸಲ ಬೇರೆ ಕ್ರೀಡಾಂಗಣಗಳು. ಅವುಗಳಲ್ಲೊಂದನ್ನು 20ರಂದು ಅಮೆರಿಕದ ಗಾಯಕ ರೇ ಚಾರ್ಲ್ಸ್ ಸಂಗೀತ ಕಛೇರಿಗಾಗಿ ಖಾಲಿ ಮಾಡಿಸಿ ತೊಳೆದರು.

ಪಾಪೋನ್‌ಗೆ 1998ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು, ಬೋರ್ಡೊ ಪ್ರಕರಣಕ್ಕೆ. ಈ ಸೇತುವೆಯ ವಿಷಯಕ್ಕೆ ಯಾರಿಗೂ ಏನೂ ಆಗಲಿಲ್ಲ.

2001ರಲ್ಲಿ ಹಾಕಿದ ಫಲಕ ಸೇತುವೆಯ ಮೂಲೆಯಲ್ಲಿದೆ, ಹುಡುಕಬೇಕು. ಶಾಂತ ಮೆರವಣಿಗೆಯ ಮೇಲಿನ ರಕ್ತಸಿಕ್ತ ದಮನದಲ್ಲಿ ಸತ್ತ ಹಲವು ಅಲ್ಜೀರಿಯನ್ನರ ನೆನಪಿಗೆ ಎಂದಿದೆ. ಕೊಂದವರು ಯಾರೆಂದಿಲ್ಲ. ಹುಡುಗ ಬಗ್ಗಿ ಓದುತ್ತಿದ್ದಾಗ ಜೋಡಿಯೊಂದು ಬಂದು, ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ, ಹಿಂದೆ ನೋತ್ರ್ ದಾಮ್ ಬರಬೇಕು ಎಂದರು. ಸರಿದೆವು.